ಕೌಡೂರಿನ ಹೆಗ್ಡೆ ತೆತ್ತ ಬೆಲೆ

ಸಂವಿಧಾನದ ಮಾತು ಬಂದರೆ ದಿಲ್ಲಿಯ ದೊಡ್ಡ ವಕೀಲರೂ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯ ಹೆಸರು ಹೇಳದೆ ಮುಂದೆ ಹೋಗೋದಿಲ್ಲ. ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಕೇಶವಾನಂದ ಭಾರತಿಯವರು ಸುಪ್ರೀಂ ಕೋರ್ಟಿಗೆ ಹೋದದ್ದು 1970ರಲ್ಲಿ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಬುಡಕ್ಕೆ ಕೊಡಲಿ ಹಾಕುವಂತಿಲ್ಲ ಎಂದವರು 7 ಮಂದಿ. ಒಪ್ಪದವರು 6 ಮಂದಿ. ಸ್ವಾಮೀಜಿಗೆ ಜಮೀನು ದಕ್ಕಲಿಲ್ಲ, ಸಂವಿಧಾನಕ್ಕೆ ಬೇಲಿ ಬಿತ್ತು.

ಆ 7 ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆ. ಅವರೇನು ಸರ್ಕಾರದ ವೈರಿಯಲ್ಲ, ಹಿಂದೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಗೆ ಹೋಗಿದ್ದವರು. ಆದರೂ ಕುರ್ಚಿಯಲ್ಲಿ ಕೂತಾಗ ಕಂಡದ್ದನ್ನು ಬರೆದರು. ಫಲ ಮರುದಿನವೇ ಸಿಕ್ಕಿತು. ಹಿರಿಯರಾದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗೆ ಸರಿಸಿ, ಸರ್ಕಾರದ ವಾದವನ್ನು ಒಪ್ಪಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಬಿಸಾಕಿ ಹೊರಬಂದರು.

ಈ ಪಾಠ ಉಳಿದವರ ಎದೆಗೆ ತಾಗದೆ ಇದ್ದೀತೇ? 1976ರಲ್ಲಿ, ಎಮರ್ಜೆನ್ಸಿ ಕಾಲದಲ್ಲಿ, ವಿಚಾರಣೆಯಿಲ್ಲದೆ ಜೈಲಿಗೆ ತಳ್ಳಿಸಿಕೊಂಡವನು ಕೋರ್ಟಿನ ಬಾಗಿಲು ಬಡಿಯುವಂತಿಲ್ಲ ಅಂತ ಐವರಲ್ಲಿ ನಾಲ್ವರು ಹೇಳಿಬಿಟ್ಟರು. ಬೇಡ ಎಂದವರು ಎಚ್.ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರ ಹಿರಿತನವನ್ನೂ ನುಂಗಿ ಹಾಕಲಾಯಿತು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಲು 2017 ಬರಬೇಕಾಯಿತು.

ಜನ ಆರಿಸಿದ ಪಾರ್ಲಿಮೆಂಟಿಗಿಂತ ನಾಲ್ಕು ಜನ ಜಡ್ಜುಗಳು ದೊಡ್ಡವರೋ ಅಂತ ಕೇಳೋರಿದ್ದಾರೆ. ದೊಡ್ಡವರಲ್ಲ, ನಿಜ. ಆದರೆ ಓಟು ಬರೋದು ಐದು ವರ್ಷಕ್ಕೊಮ್ಮೆ. ಇವತ್ತು ರಾತ್ರಿ ಪೊಲೀಸರು ಎತ್ತಿಕೊಂಡು ಹೋದವನು ಮುಂದಿನ ಚುನಾವಣೆವರೆಗೆ ಕಾಯಬೇಕೇ?

2015ರಲ್ಲಿ ನೇಮಕಾತಿ ಆಯೋಗದ ಕಾನೂನನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಆಯ್ಕೆ ಮತ್ತೆ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಕೈಗೇ ಬಂತು. ಹಾಗಂತ ಎಲ್ಲ ಸರಿಯಿದೆಯೆಂದಲ್ಲ. ಕೊಲಿಜಿಯಂ ಮಾತಾಡೋದು ಬಾಗಿಲು ಹಾಕಿಕೊಂಡು. ಅದು ಕಳಿಸಿದ ಹೆಸರುಗಳಲ್ಲಿ ಬೇಡವಾದುವನ್ನು ಸರ್ಕಾರ ಸುಮ್ಮನೆ ಅಡಿಗೆ ಹಾಕಿಕೊಂಡು ಕೂರುತ್ತದೆ. ಹಿಂದೆ ಹಿರಿಯರನ್ನು ದಾಟಿ ಮಾಡಿದ ಕೆಲಸವನ್ನು ಈಗ ಫೈಲೇ ಮಾಡುತ್ತದೆ.

ಫೈಲಿಗೆ ಗಡುವು ಬೇಕು, ಬೇಡವೆಂದರೆ ಕಾರಣ ಬರೆದು ಜನರ ಮುಂದಿಡಬೇಕು. ನಿವೃತ್ತಿಯಾದ ಕೂಡಲೇ ಸರ್ಕಾರಿ ಹುದ್ದೆ ಕೊಡುವ ಪದ್ಧತಿಯೂ ನಿಲ್ಲಬೇಕು. ತೀರ್ಪು ಬರೆಯುವ ಕೈ ನಾಳಿನ ಕುರ್ಚಿಯ ಲೆಕ್ಕ ಹಾಕುವಂತಾದರೆ, ಎಡನೀರಿನ ಕೇಸು ಕಟ್ಟಿಕೊಟ್ಟ ಬೇಲಿಗೆ ಕಾವಲುಗಾರನೇ ಇಲ್ಲದಂತಾಗುತ್ತದೆ.