ಮಗಳ ಹಲಗೆ, ನಜಾರೆಯ ಅಲೆ, ನಮ್ಮೂರ ಹೊಂಡ

"ನಿಮ್ಮ ದೊಡ್ಡೋಳು ಭಾನುವಾರ ಭಾನುವಾರ ಸಮುದ್ರಕ್ಕೆ ಬೀಳ್ತಾಳಂತೆ, ಹೌದಾ?" ಅಂತ ಈ ಒಂದು ತಿಂಗಳಲ್ಲಿ ನಾಕು ಜನ ಕೇಳಿದ್ರಿ. ಇಬ್ಬರು ಫೋನಿನಲ್ಲಿ, ಒಬ್ಬರು ಡೈರಿ ಹತ್ರ ಹಾಲು ಹಾಕೋ ಸಾಲಿನಲ್ಲಿ, ಇನ್ನೊಬ್ಬರು ವಾಟ್ಸಾಪಿನಲ್ಲಿ ವಿಡಿಯೋ ಸಮೇತ. ವಿಡಿಯೋದಲ್ಲಿ ಬೆಟ್ಟದಂಥ ಅಲೆ, ಅದರ ಮೈಮೇಲೆ ಇರುವೆ ಥರ ಒಬ್ಬ ಮನುಷ್ಯ. "ಇದನ್ನೇ ಏನೇ ನಿನ್ನ ಮಗಳು ಮಾಡೋದು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳೋ ಬದಲು ಎಲ್ಲಾರ್ಗೂ ಸೇರಿಸಿ ಇಲ್ಲೇ ಬರೀತಿದೀನಿ.

ಮೊದಲು ಆ ವಿಡಿಯೋ ವಿಷಯ. ಅದು ಪೋರ್ಚುಗಲ್ ದೇಶದ ನಜಾರೆ ಅನ್ನೋ ಊರಿಂದು. ಅಲ್ಲಿ ಸಮುದ್ರದ ತಳದಲ್ಲಿ ಒಂದು ದೊಡ್ಡ ಕಣಿವೆ ಐತೆ. ದೂರದಿಂದ ಬರೋ ಅಲೆ ಆ ಕಣಿವೆಯೊಳಗೆ ಜೋರು ಕಡಿಮೆ ಆಗದಂಗೆ ನುಗ್ಗಿ, ದಡದ ಹತ್ರ ಎದ್ದು ನಿಲ್ಲುತ್ತೆ. 2020ರಲ್ಲಿ ಸೆಬಾಸ್ಟಿಯನ್ ಸ್ಟಾಯ್ಟ್ನರ್ ಅನ್ನೋ ಜರ್ಮನಿಯವನು ಅಲ್ಲಿ 86 ಅಡಿ ಅಲೆ ಮೇಲೆ ಜಾರಿ ಗಿನ್ನೆಸ್ ದಾಖಲೆ ಮಾಡಿದ. ನಮ್ಮ ಕುರುಡುಮಲೆ ಗಣಪ 13 ಅಡಿಗಿಂತ ಸ್ವಲ್ಪ ಮೇಲೆ ಅಂತಾರಲ್ಲ, ಅಂಥ ಆರು ಗಣಪನ್ನ ಒಬ್ಬರ ತಲೆ ಮೇಲೊಬ್ಬರನ್ನ ನಿಲ್ಲಿಸಿದ್ರೂ ಆ ಅಲೆಗೆ ಇನ್ನೂ ಗಿಡ್ಡವೇ. ನನ್ನ ಮಗಳು ಆಡೋದು ಸಸಿಹಿತ್ಲಿನಲ್ಲಿ, ಮಂಗಳೂರಿನ ಪಕ್ಕ, ಸೊಂಟದ ಮಟ್ಟದ ಅಲೆಯಲ್ಲಿ. ತಿರುಪತಿಗೆ ನಡ್ಕೊಂಡು ಹೋಗೋರಿಗೂ ಹಿಮಾಲಯ ಹತ್ತೋರಿಗೂ ಎಷ್ಟು ವ್ಯತ್ಯಾಸವೋ ಅಷ್ಟು ವ್ಯತ್ಯಾಸ.

ಆದ್ರೂ ನಿಮ್ಮ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2024ರ ಡಿಸೆಂಬರ್ 10, ಮಂಗಳವಾರ. ನಮ್ಮ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಹೋಗಿದ್ದ ಹೆಣ್ಣುಮಕ್ಕಳಲ್ಲಿ ನಾಕು ಜನ ಮುರುಡೇಶ್ವರದ ಸಮುದ್ರದಲ್ಲಿ ಹೋಗ್ಬಿಟ್ರು. ಹತ್ತನೇ ಕ್ಲಾಸಿನ ಆಸುಪಾಸಿನ ಮಕ್ಕಳು. ಆವತ್ತು ರಾತ್ರಿ ನಮ್ಮ ಕಡೆ ಎಷ್ಟು ಮನೆಯಲ್ಲಿ ಮುದ್ದೆ ಹಂಗೇ ಉಳೀತೋ. ಆ ತಾಯಂದಿರ ಬಗ್ಗೆ ನಾನು ಏನು ಬರೆದ್ರೂ ಕಮ್ಮಿಯೇ, ಬರೆಯೋದೂ ಇಲ್ಲ. ಅದಾದ ಮೇಲೆ ನಮ್ಮ ಕಡೆ ಎಲ್ಲಾರ ಬಾಯಲ್ಲೂ ಒಂದೇ ಮಾತು: ಹೆಣ್ಣುಮಕ್ಕಳನ್ನ ನೀರಿನ ಹತ್ರ ಬಿಡಬಾರ್ದು.

ಈ ಮಾತನ್ನ ನಾನು ಒಪ್ಪಲ್ಲ. ಒಪ್ಪದೇ ಇರೋಕೆ ಕಾರಣ ಸಿಕ್ಕಿದ್ದೇ ಆ ಅಲೆ ಆಟ ನೋಡಿ ನೋಡಿ.

ಮಗಳು ಬ್ಯಾಂಕಿನ ಕೆಲಸಕ್ಕೆ ಮಂಗಳೂರಿಗೆ ಹೋಗಿ ಮೂರು ವರ್ಷ ಆಯ್ತು. ಜೊತೆ ಕೆಲಸದವಳು ಕರೆದ್ಲು ಅಂತ ಒಂದು ಸಲ ಹೋದೋಳು ಆಮೇಲೆ ಬಿಡಲಿಲ್ಲ. ಹೋದ ವರ್ಷ ಜನವರಿಯಲ್ಲಿ ನಾನು ಅವಳ ಹತ್ರ ಹದಿನೈದು ದಿನ ಇದ್ದೆ. ಎರಡು ದಿನ ನನ್ನನ್ನೂ ಹಲಗೆ ಮೇಲೆ ಮಲಗಿಸಿದ್ರು. ನಗಬೇಡ್ರಿ. ಚೂಡಿದಾರದ ಮೇಲೆ ಅವರದೇ ಒಂದು ಬಿಗಿ ಅಂಗಿ, ಮೇಲೆ ತೇಲೋ ಜಾಕೆಟ್ಟು, ಕಾಲಿಗೆ ಹಲಗೆ ಜೊತೆ ಕಟ್ಟಿದ ಹಗ್ಗ. ಹಸು ಹಗ್ಗ ಕಿತ್ಕೊಂಡು ಓಡದಂಗೆ ಕಟ್ತೀವಲ್ಲ ಹಂಗೆ, ಆದ್ರೆ ಇಲ್ಲಿ ಹಸು ನಾನೇ. ಮೆತ್ತಗಿರೋ ಸ್ಪಂಜಿನ ಹಲಗೆ, ಬಿದ್ರೂ ಏಟಾಗಲ್ಲ. ಎದ್ದು ನಿಲ್ಲೋಕಂತೂ ಆಗಲಿಲ್ಲ, ಮಂಡಿ ಊರೋವರೆಗೆ ಬಂದೆ. ಅಷ್ಟಕ್ಕೇ ಕಲಿಸೋ ಹುಡುಗ ಚಪ್ಪಾಳೆ ಹೊಡೆದ. ಐವತ್ತು ದಾಟಿದ ಮೇಲೆ ನನಗೆ ಯಾರಾದ್ರೂ ಚಪ್ಪಾಳೆ ಹೊಡೆದದ್ದು ಅದೇ ಮೊದಲು.

ಆದ್ರೆ ನಾನು ಹೇಳಬೇಕು ಅಂದದ್ದು ಹಲಗೆ ಹತ್ತೋಕೆ ಮುಂಚಿನ ಮಾತು. ಮುಕ್ಕಾಲು ಗಂಟೆ ನಮ್ಮನ್ನ ನೀರಿಗೆ ಇಳಿಸಲೇ ಇಲ್ಲ. ಮರಳಲ್ಲಿ ಕೂರಿಸಿ ಸಮುದ್ರ ನೋಡಿಸಿದ್ರು. ಅಲೆ ಎಲ್ಲಿ ಒಡೀತೈತೆ, ಎಷ್ಟೆಷ್ಟು ಹೊತ್ತಿಗೆ ದೊಡ್ಡದು ಬರ್ತೈತೆ, ಬಂದ ನೀರು ಯಾವ ದಾರಿಯಲ್ಲಿ ವಾಪಸ್ ಹೋಗ್ತೈತೆ. ಸಸಿಹಿತ್ಲಲ್ಲಿ ಶಾಂಭವಿ ನಂದಿನಿ ಎರಡು ಹೊಳೆ ಬಂದು ಸಮುದ್ರ ಸೇರ್ತವೆ, ಅಲ್ಲಿ ನೀರಿನ ಸೆಳೆತ ಬೇರೆ ಥರ. ಆಮೇಲೆ ಒಂದು ಜಾಗ ತೋರಿಸಿ, "ಅಮ್ಮ, ನೀವು ಎಲ್ಲಿ ಇಳೀತೀರಿ?" ಅಂದ. ಆಚೆ ಈಚೆ ಅಲೆ ದಬದಬ ಒಡೀತಿತ್ತು, ನಡುವೆ ಒಂದು ಓಣಿಯಷ್ಟು ಜಾಗದಲ್ಲಿ ನೀರು ಸುಮ್ನೆ ಇತ್ತು. ಕೆರೆ ನೋಡಿ ಬೆಳೆದ ಯಾರಾದ್ರೂ ಆ ಸುಮ್ನೆ ಇರೋ ನೀರನ್ನೇ ತೋರಿಸ್ತಾರೆ. ಅದೇ ಎಳ್ಕೊಂಡು ಹೋಗೋ ಜಾಗವಂತೆ. ದಡಕ್ಕೆ ಬಂದ ನೀರೆಲ್ಲ ಆ ಓಣಿಯಲ್ಲಿ ಸೇರಿ ಒಳಕ್ಕೆ ವಾಪಸ್ ಓಡುತ್ತೆ. ಅದರಲ್ಲಿ ಸಿಕ್ಕೋರು ದಡದ ಕಡೆಗೇ ಈಜೋಕೆ ಹೋಗಿ ಸುಸ್ತಾಗಿ ಮುಳುಗ್ತಾರೆ. ಗಾಬರಿ ಬೀಳದೆ ತೇಲಬೇಕು, ಕೈ ಎತ್ತಿ ಕೂಗಬೇಕು, ಈಜು ಬಂದ್ರೆ ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಆ ಓಣಿಯಿಂದ ಆಚೆ ಬರಬೇಕು. ಹಲಗೆಯವರು ಒಳಗೆ ಹೋಗೋಕೆ ಅದೇ ಓಣಿಯನ್ನ ಬಸ್ಸಿನ ಥರ ಬಳಸ್ತಾರೆ ನೋಡ್ರಿ!

ಇಷ್ಟು ಮಾತು ನನ್ನ ಐವತ್ತು ಚಿಲ್ಲರೆ ವರ್ಷದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಧರ್ಮಸ್ಥಳ, ಉಡುಪಿ, ಮುರುಡೇಶ್ವರ ಅಂತ ನಾವೆಲ್ಲ ಎಷ್ಟು ಸಲ ಹೋಗಿ ಬಂದಿದೀವಿ. ಸೀರೆ ಮಂಡಿವರೆಗೂ ಎತ್ತಿ ಕೈ ಕೈ ಹಿಡ್ಕೊಂಡು ನಿಂತಿದೀವಿ. ನಮ್ಮ ಪುಣ್ಯ, ವಾಪಸ್ ಬಂದ್ವಿ.

ಆಮೇಲೆ ಮಗಳು ತನ್ನ ಫೋನಿನಲ್ಲಿ ನೋಡೋ ಪಂದ್ಯಗಳನ್ನ ನಾನೂ ನೋಡೋಕೆ ಶುರು ಮಾಡಿದೆ. ಮಂಡಿ ಊರಿದೋರಿಗೆ ಅಷ್ಟಾದ್ರೂ ಹಕ್ಕಿಲ್ವಾ. ಬೇರೆಯವರಿಗೆ ಕಾಣದ್ದು ನಮಗೆ ಕಾಣುತ್ತೆ. ನೀವು ಆ ವಿಡಿಯೋದಲ್ಲಿ ಅಲೆ ಮಾತ್ರ ನೋಡಿದ್ರಿ. ಅವನ ಎದೆ ಮೇಲೆ ಒಂದು ಜಾಕೆಟ್ ಇರುತ್ತೆ, ಹಗ್ಗ ಎಳೆದ್ರೆ ಗಾಳಿ ತುಂಬ್ಕೊಂಡು ಮೇಲಕ್ಕೆ ತರುತ್ತೆ. ಅವನನ್ನ ಅಲೆಗೆ ಎಳೆದು ಬಿಡೋಕೂ, ಬಿದ್ರೆ ಎತ್ತಿ ತರೋಕೂ ನೀರಿನ ಬೈಕು ಇರುತ್ತೆ. ಮೇಲೆ ಬಂಡೆ ಮೇಲೆ ದೀಪಸ್ತಂಭದ ಹತ್ರ ವೈರ್‌ಲೆಸ್ ಹಿಡ್ಕೊಂಡು ಇನ್ನೊಬ್ಬ ನಿಂತಿರ್ತಾನೆ, ಯಾವ ಅಲೆ ಬರ್ತೈತೆ, ಬಿದ್ದೋನು ಎಲ್ಲವ್ನೆ ಅಂತ ಹೇಳೋಕೆ. ಉಸಿರು ಹಿಡಿಯೋದನ್ನ ವರ್ಷಗಟ್ಟಲೆ ಅಭ್ಯಾಸ ಮಾಡಿರ್ತಾರೆ.

ಇಷ್ಟೆಲ್ಲ ಇದ್ದೂ ಅಪಾಯ ಇಲ್ಲ ಅಂತ ನಾನು ಹೇಳಲ್ಲ. 2013ರಲ್ಲಿ ಅದೇ ನಜಾರೆಯಲ್ಲಿ ಬ್ರೆಜಿಲಿನ ಮಾಯಾ ಗಬೇರಾ ಅನ್ನೋ ಹೆಣ್ಣುಮಗಳು ಬಿದ್ದು ಪ್ರಜ್ಞೆ ತಪ್ಪಿದ್ಲು. ಜೊತೆಗಾರ ಕಾರ್ಲೋಸ್ ಬುರ್ಲೆ ಎಳೆದು ದಡಕ್ಕೆ ತಂದು, ಎದೆ ಒತ್ತಿ ಉಸಿರು ಬರಿಸಿದ್ರು. ಬೆನ್ನಿಗೆ ಆಪರೇಷನ್ ಮೇಲೆ ಆಪರೇಷನ್. ಹೆಂಗಸರಿಗೆ ಇದು ಬೇಡ ಅಂದೋರು ಅಲ್ಲೂ ಇದ್ರು. ಅವಳು ತಿರುಗಾ ಅದೇ ಜಾಗಕ್ಕೆ ಹೋಗಿ 2018ರಲ್ಲಿ 68 ಅಡಿ, 2020ರಲ್ಲಿ 73 ಅಡಿಗೂ ಮೇಲಿನ ಅಲೆ ಇಳಿದ್ಲು. 2023ರ ಜನವರಿಯಲ್ಲಿ ಮಾರ್ಸಿಯೋ ಫ್ರೇರೆ ಅನ್ನೋ ಪಳಗಿದ ಆಟಗಾರ ಅಲ್ಲೇ ಪ್ರಾಣ ಬಿಟ್ಟ. ಪಳಗಿದೋರೂ ಸಾಯ್ತಾರೆ. ಅಂಥದ್ದಕ್ಕೆ ನನ್ನ ಮಗಳು ಹೋಗ್ತೀನಿ ಅಂದ್ರೆ ನಾನೂ ಬಾಗಿಲಿಗೆ ಅಡ್ಡ ನಿಲ್ಲೋಳೇ. ಅವಳೂ ಹೋಗಲ್ಲ ಬಿಡ್ರಿ, ಜೂನ್ ಹುಟ್ಟಿ ಸಮುದ್ರ ಕೆರಳಿದ್ರೆ ಹಲಗೆಗೆ ಬಟ್ಟೆ ಮುಚ್ಚಿ ಮಂಚದ ಕೆಳಗೆ ಇಡ್ತಾಳೆ. ದೊಡ್ಡೋರ ಆಟ ನೋಡಿ ಅವಳು ಕಲಿತದ್ದು ಇದು: ಯಾವತ್ತು ಇಳೀಬಾರ್ದು ಅನ್ನೋದು.

ನನಗೆ ಬಹಳ ಹಿಡಿಸಿದ್ದು ಎರಡು ಸಂಗತಿ. ಒಂದು, 2024ರ ಪ್ಯಾರಿಸ್ ಒಲಿಂಪಿಕ್ಸು. ಅಲೆ ಆಟ ಮಾತ್ರ ಪ್ಯಾರಿಸ್ಸಿನಲ್ಲಿ ಆಗಲಿಲ್ಲ, ತಹೀಟಿ ದ್ವೀಪದ ಟೀಹುಪೋ ಅನ್ನೋ ಕಡೆ ಆಯ್ತು, ನಮಗೆ ಅರ್ಧರಾತ್ರಿ. ಇದರಲ್ಲಿ ಲೆಕ್ಕ ಸುಲಭ. ಒಂದೊಂದು ಅಲೆಗೆ 10ಕ್ಕೆ ಅಂಕ, ಅರ್ಧ ಗಂಟೆಯ ಒಳಗೆ ಎಷ್ಟು ಅಲೆ ಹತ್ತಿದ್ರೂ ಚೆನ್ನಾಗಿರೋ ಎರಡನ್ನೇ ಕೂಡಿಸ್ತಾರೆ. ಬ್ರೆಜಿಲಿನ ಗೇಬ್ರಿಯಲ್ ಮೆಡೀನಾ, ಮೂರು ಸಲ ಲೋಕಕ್ಕೇ ಗೆದ್ದೋನು, ಸೆಮಿಫೈನಲ್ಲಿನಲ್ಲಿ ಒಂದೇ ಅಲೆ ಸಿಕ್ಕಿ, ಎರಡನೇದಕ್ಕೆ ಕಾದು ಕಾದು ಕೂತ. ಸಮುದ್ರ ಕೊಡಲೇ ಇಲ್ಲ. ಸೋತ. ಆಮೇಲೆ ಕಂಚು ಗೆದ್ದ. ಬಿತ್ತನೆ ಮಾಡಿ ಆಕಾಶ ನೋಡ್ಕೊಂಡು ಕೂರೋ ನಮಗೆ ಇದನ್ನ ಯಾರಾದ್ರೂ ವಿವರಿಸಿ ಹೇಳಬೇಕಾ? ನಮ್ಮೆಜಮಾನ್ರು, ಈ ಆಟ ಅಂದ್ರೇ ಮೂಗು ಮುರಿಯೋರು, ಆವತ್ತು ಪಕ್ಕದಲ್ಲಿ ಕೂತು "ಪಾಪ, ಒಂದು ಹದ ಮಳೆ ಬಂದಿದ್ರೆ ಸಾಕಾಗಿತ್ತು" ಅಂದ್ರು.

ಇನ್ನೊಂದು ಹವಾಯಿಯದು. ಎಡ್ಡಿ ಐಕಾವು ಅನ್ನೋ ಜೀವರಕ್ಷಕ ವೈಮಿಯಾ ಕಡಲಲ್ಲಿ ಮುಳುಗೋರನ್ನ ಎತ್ತೋ ಕೆಲಸದಲ್ಲಿದ್ದ. 1978ರಲ್ಲಿ ಅವನಿದ್ದ ದೋಣಿ ಮಗುಚಿದಾಗ, ಜೊತೆಯೋರಿಗೆ ಸಹಾಯ ತರ್ತೀನಿ ಅಂತ ಹಲಗೆ ಮೇಲೆ ಹೋದೋನು ವಾಪಸ್ ಬರಲಿಲ್ಲ. ಅವನ ಹೆಸರಲ್ಲಿ ಒಂದು ಪಂದ್ಯ ಇಟ್ಟವ್ರೆ, ಅಲೆ ಸಾಕಷ್ಟು ದೊಡ್ಡದು ಬರದಿದ್ದ ವರ್ಷ ನಡೆಸೋದೇ ಇಲ್ಲ. 2023ರಲ್ಲಿ ಅದನ್ನ ಗೆದ್ದೋನು ಲ್ಯೂಕ್ ಶೆಪರ್ಡ್‌ಸನ್. ಅವನೂ ಆ ಕಡಲಿನ ಜೀವರಕ್ಷಕನೇ, ಆವತ್ತು ಡ್ಯೂಟಿ ಮೇಲಿದ್ದ. ನಡುವೆ ಬಿಡುವು ಕೇಳ್ಕೊಂಡು ಹೋಗಿ ಅಲೆ ಹತ್ತಿ, ತಿರುಗಾ ಬಂದು ಜನರನ್ನ ಕಾಯೋ ಕೆಲಸಕ್ಕೆ ನಿಂತ. ಆ ಪಂದ್ಯದಲ್ಲಿ ಹೆಂಗಸರೂ ಇಳಿದದ್ದು ಅದೇ ವರ್ಷ ಮೊದಲು. ದುಡ್ಡಿನ ವಿಷಯಕ್ಕೆ ಬಂದ್ರೆ, ವಿಶ್ವ ಸರ್ಫ್ ಲೀಗ್‌ನೋರು 2019ರಿಂದ ಗಂಡಿಗೂ ಹೆಣ್ಣಿಗೂ ಬಹುಮಾನ ಒಂದೇ ಸಮ ಮಾಡವ್ರೆ. ನಮ್ಮ ಟೊಮೆಟೊ ತೋಟದಲ್ಲಿ ಇನ್ನೂ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು.

ಇದೆಲ್ಲ ಫಾರಿನ್ನೋರ ಕತೆ ಅನ್ನಬೇಡ್ರಿ. 2004ರಿಂದ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಐತೆ. ಇಶಿತಾ ಮಾಳವೀಯ 2007ರಲ್ಲಿ ಮಣಿಪಾಲಕ್ಕೆ ಓದೋಕೆ ಬಂದು ಹಲಗೆ ಹತ್ತಿದೋಳು, ಈಗ ಉಡುಪಿ ಹತ್ರ ಕೋಡಿ ಬೆಂಗ್ರೆಯಲ್ಲಿ ಕಲಿಸ್ತಾಳೆ. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ಏಷ್ಯಾ ಮಟ್ಟದ ಪಂದ್ಯದಲ್ಲಿ ಕಂಚು ತಂದ ರಮೇಶ್ ಬೂದಿಹಾಳನ ಮನೆಯೋರು ಕರ್ನಾಟಕದಿಂದ ಕೋವಳಂಗೆ ದುಡಿಯೋಕೆ ಹೋದೋರು. ಅಲ್ಲಿನ ಕ್ಲಬ್ಬಿನಲ್ಲಿ ಒಂದು ಕಟ್ಟಳೆ, ಸ್ಕೂಲಿಗೆ ಹೋದ ಮಕ್ಕಳಿಗೆ ಮಾತ್ರ ಹಲಗೆ. ಎಂಥ ಒಳ್ಳೆ ಉಪಾಯ ಅಲ್ವಾ.

ಈಗ ನಮ್ಮೂರಿನ ಮಾತು. ಹಿಂದೆ ಗಂಡುಹುಡುಗರು ಸೊಂಟಕ್ಕೆ ಒಣ ಸೋರೆ ಬುರುಡೆಯೋ ಬೆಂಡೋ ಕಟ್ಕೊಂಡು ಬಾವಿಯಲ್ಲಿ ಈಜು ಕಲೀತಿದ್ರು. ನಮ್ಮನ್ನ ಬಾವಿ ಕಟ್ಟೆ ಮೇಲೆ ಬಟ್ಟೆ ಕಾಯೋಕೆ ಕೂರಿಸ್ತಿದ್ರು. ಬಾವಿಗಳು ಬತ್ತಿದ್ವು, ಬೋರು ಸಾವಿರ ಅಡಿ ದಾಟ್ತು, ಗಂಡುಮಕ್ಕಳೂ ಈಜು ಕಲಿಯದಂಗಾಯ್ತು. ಒಂದು ತಲೆಮಾರೇ ನೀರು ಕಾಣದೆ ಬೆಳೀತು. ಆಮೇಲೆ ಏನಾಯ್ತು? 2018ರಿಂದ ಕೆ.ಸಿ. ವ್ಯಾಲಿ ನೀರು ಜಿಲ್ಲೆಯ ಕೆರೆಗಳಿಗೆ ಬರೋಕೆ ಶುರುವಾಯ್ತು. 2021ರ ಮಳೆಗೆ ಎಷ್ಟೋ ಕೆರೆ ಕೋಡಿ ಹೋದ್ವು. ತೋಟ ತೋಟಕ್ಕೂ ಕೃಷಿ ಹೊಂಡ. ಆ ಹೊಂಡದ ಒಳಗೆ ಹಾಸಿರೋ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಕಟ್ಟಿದ್ರೆ ದೊಡ್ಡಾಳೂ ಹತ್ತಿ ಬರೋಕಾಗಲ್ಲ. ಬಿದ್ದ ಮಗುವನ್ನ ಎತ್ತೋಕೆ ಹೋದ ತಾಯಿಯೂ ಹೋದ್ಲು ಅಂತ ಪೇಪರಿನಲ್ಲಿ ಓದ್ತಾನೇ ಇರ್ತೀವಿ. ನೀರಿನ ಹತ್ರ ಬಿಡಬಾರ್ದು ಅಂತೀರಲ್ಲ, ನೀರೇ ಹಿತ್ತಲಿಗೆ ಬಂದು ಕೂತೈತೆ. ಅಲ್ಲಿ ಬಟ್ಟೆ ಒಗೆಯೋರು ಯಾರು, ಹಸುಗೆ ನೀರು ಕುಡಿಸೋರು ಯಾರು? ನಾವೇ ತಾನೆ.

ಸಮುದ್ರದಲ್ಲಿ ಹಲಗೆ ಆಡೋ ನನ್ನ ಮಗಳ ಕಾಲಿಗೆ ಹಗ್ಗ, ಪಕ್ಕದಲ್ಲಿ ಕಾಯೋರು, ಅವಳಿಗೆ ಈಜು. ಹೊಂಡದ ಹತ್ರ ಹೋಗೋ ನಿಮ್ಮ ಮಗಳಿಗೆ ಇದರಲ್ಲಿ ಏನೈತೆ ಅಂತ ಕೇಳಿದ್ರೆ ಕೋಪ ಮಾಡ್ಕೋಬೇಡ್ರಿ. ನಮ್ಮ ಹೊಂಡಕ್ಕೆ ನಾವು ಈಚೆಗೆ ಆ ದಡದಿಂದ ಈ ದಡಕ್ಕೆ ದಪ್ಪ ಹಗ್ಗ ಕಟ್ಟಿಸಿದ್ವಿ, ನಡುವೆ ನಡುವೆ ಬಿರಡೆ ಬಿಗಿದ ಖಾಲಿ ಕ್ಯಾನು. ಗೂಟಕ್ಕೆ ಒಂದು ಹಳೇ ಟೈರು, ಒಂದು ಉದ್ದ ಬಿದಿರು. ಯಾರಾದ್ರೂ ಬಿದ್ರೆ ಈಜು ಬರದೋರು ಹಾರಬಾರ್ದು. ಕೂಗಬೇಕು, ಹಗ್ಗವೋ ಸೀರೆಯೋ ಬಿದಿರೋ ಚಾಚಬೇಕು, ಖಾಲಿ ಪ್ಲಾಸ್ಟಿಕ್ ಬಿಂದಿಗೆ ಎಸೆದ್ರೂ ತಬ್ಕೊಂಡು ತೇಲ್ತಾರೆ. ಇಷ್ಟಕ್ಕೆ ಸಾವಿರ ರೂಪಾಯಿಯೂ ಆಗಲಿಲ್ಲ.

"ಗಂಡಿನ ಕಡೆಯೋರು ಕೇಳಿದ್ರೆ ಏನಂತ ಹೇಳ್ತೀಯಾ?" ಅಂದ್ರು ನಮ್ಮ ದೊಡ್ಡಮ್ಮ. ಈಜು ಬರುತ್ತೆ ಅಂತ ಹೇಳ್ತೀನಿ ದೊಡ್ಡಮ್ಮ. ಅಡುಗೆ ಬರುತ್ತೆ, ಗಾಡಿ ಬರುತ್ತೆ ಅಂತ ಹೇಳಲ್ವಾ, ಹಂಗೆ.

ಈ ಬೇಸಿಗೆ ರಜದಲ್ಲಿ ನಮ್ಮ ಬೀದಿಯ ಹೆಣ್ಣುಮಕ್ಕಳನ್ನ, ಹೆಂಗಸರು ಕಲಿಸೋ ಈಜುಕೊಳ ನೋಡಿ ಇಪ್ಪತ್ತು ದಿನ ಕರ್ಕೊಂಡು ಹೋಗಿ ಬರೋಣ ಅಂತ ಇದೀನಿ. ಜೊತೆಗೆ ನಾನಿರ್ತೀನಿ, ನಾನೂ ಇಳೀತೀನಿ. ನನಗೂ ಮಂಡಿ ಊರೋದು ಮಾತ್ರ ಬಂದಿರೋದು, ಈಜು ಇನ್ನೂ ಬಂದಿಲ್ಲ. ಓರಗಿತ್ತಿ ಮೊಮ್ಮಗಳು ಬರ್ತೀನಿ ಅಂದವ್ಳೆ, ಡೈರಿ ಹತ್ರ ಕೇಳಿದೋರ ಮಗಳೂ ಸಹ. ಇನ್ನಿಬ್ಬರು ಸೇರಿದ್ರೆ ಆಟೋ ಬಾಡಿಗೆ ಹಂಚ್ಕೋಬಹುದು. ಯುಗಾದಿ ಒಳಗೆ ಹೇಳ್ರಿ.