ಪ್ರೂಫ್ ನೋಡದೆ ಮೆಷಿನ್ ಓಡಿಸಬೇಡಿ!



ನಾನೊಬ್ಬ ಪ್ರೆಸ್ಸಿನವನು. ಒಮ್ಮೆ ಗಿರಾಕಿಯೊಬ್ಬರು ‘ಪ್ರೂಫ್ ಬೇಡ, ಅರ್ಜೆಂಟು, ಹೊಡೆದುಬಿಡಿ’ ಎಂದರು. ಹೊಡೆದೆ. ಐನೂರು ಲಗ್ನಪತ್ರಿಕೆಯಲ್ಲೂ ಮದುಮಗಳ ಹೆಸರು ತಪ್ಪು! ಎಲ್ಲ ರದ್ದಿಗೆ ಹೋಯಿತು. ಉಳಿಸಿದ್ದು ಅರ್ಧ ದಿನ, ಕಳೆದದ್ದು ಮೂರು ದಿನ.

ಅಮೆರಿಕದ ಸುದ್ದಿ ಓದಿದಾಗ ಇದೇ ನೆನಪಾಯಿತು. ನೆಲದಾಳದ ಬಿಸಿನೀರನ್ನು ಬಾವಿ ಕೊರೆದು ಮೇಲೆತ್ತಿ ಕರೆಂಟು ತೆಗೆಯುವುದೇ ಭೂಶಾಖ ವಿದ್ಯುತ್. ಕಲ್ಲಿದ್ದಲು ಬೇಡ, ಹಗಲು ರಾತ್ರಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1960ರಿಂದಲೇ ತೆಗೆಯುತ್ತಿದ್ದಾರೆ. ಆದರೆ ಬಿಸಿ ನೆಲ ಬಹುಪಾಲು ಸರ್ಕಾರದ್ದು. ನೆವಾಡಾ ರಾಜ್ಯದಲ್ಲಿ ಸುಮಾರು ಶೇ. 80ರಷ್ಟು ನೆಲ ಕೇಂದ್ರದ ಕೈಯಲ್ಲಿದೆ. ಗುತ್ತಿಗೆ, ಶೋಧನೆ, ಬಾವಿ, ಸ್ಥಾವರ ಎಂದು ಒಂದೇ ಜಾಗಕ್ಕೆ ಆರು ಸಲದವರೆಗೂ ಪರಿಸರ ಪರಿಶೀಲನೆ! ಏಳೆಂಟು ವರ್ಷ ಮಣ್ಣುಪಾಲು. ಎಣ್ಣೆ ಬಾವಿಗಾದರೋ 2005ರ ಕಾಯ್ದೆಯಲ್ಲೇ ಒಳದಾರಿ ಕೊಟ್ಟರು. ಹೊಗೆಯ ಎಣ್ಣೆಗೆ ರಾಜಮಾರ್ಗ, ಶುದ್ಧ ಶಾಖಕ್ಕೆ ಕ್ಯೂ! ಇದು ನ್ಯಾಯವೇ?

ಆದ್ದರಿಂದ ಬೇಗ ಮಾಡಿ ಎನ್ನುವವರ ಜೊತೆ ನಾನೂ ಇದ್ದೇನೆ. ಆದರೆ 2025ರಲ್ಲಿ ಅಲ್ಲಿನ ಸರ್ಕಾರ ‘ತುರ್ತು’ ಎಂದು ಹೇಳಿ, ಸಣ್ಣ ಪರಿಶೀಲನೆಗೆ 14 ದಿನ, ದೊಡ್ಡದಕ್ಕೆ 28 ದಿನ ಎಂದು ಗೆರೆ ಎಳೆಯಿತು. ಇದು ‘ಪ್ರೂಫ್ ಬೇಡ’ ಎಂದ ಹಾಗೆಯೇ.

ನೆವಾಡಾದ ಡಿಕ್ಸಿ ಕಣಿವೆಯನ್ನೇ ನೋಡಿ. ಅಲ್ಲಿನ ಬಿಸಿನೀರ ಬುಗ್ಗೆ ಪೈಯೂಟ್-ಶೋಶೋನಿ ಬುಡಕಟ್ಟಿಗೆ ಪವಿತ್ರ. ಬೇರೆಲ್ಲೂ ಇಲ್ಲದ ನೆಲಗಪ್ಪೆಯೊಂದು ಅಲ್ಲಿದೆ. ಕಾಗದ ವರ್ಷಗಟ್ಟಲೆ ಓಡಾಡಿತು, ಆದರೆ ಆ ಜನರ ಆಕ್ಷೇಪಕ್ಕೆ ಬೆಲೆ ಸಿಗಲಿಲ್ಲ. 2021ರಲ್ಲಿ ಅನುಮತಿ ಕೊಟ್ಟರು. ಬುಡಕಟ್ಟು ಕೋರ್ಟಿಗೆ ಹೋಯಿತು, 2022ರಲ್ಲಿ ಕಪ್ಪೆ ಅಳಿವಿನಂಚಿನ ಪಟ್ಟಿ ಸೇರಿತು, ಕೆಲಸ ನಿಂತಿತು. ಕೇಳಿಸಿಕೊಳ್ಳದೆ ಉಳಿಸಿದ ಸಮಯ ಎಲ್ಲಿ ಹೋಯಿತು?

ಕಡತ ಮೇಜಿನ ಮೇಲೆ ಮಲಗುವ ದಿನಗಳನ್ನು ಕತ್ತರಿಸಿ. ಒಮ್ಮೆ ಸರಿಯಾಗಿ ನೋಡಿದ್ದನ್ನು ಮತ್ತೆ ಮತ್ತೆ ನೋಡಬೇಡಿ. ಆದರೆ ಜನ ಓದಿ, ಮಾತಾಡುವ ದಿನಗಳಿಗೆ ಕತ್ತರಿ ಹಾಕಬೇಡಿ!

ನಮಗೇಕೆ ಈ ಮಾತು ಎನ್ನುತ್ತೀರಾ? 2025ರಲ್ಲಿ ಭಾರತವೂ ಭೂಶಾಖ ನೀತಿ ತಂದಿದೆ. ಲಡಾಖಿನ ಪೂಗಾ ಕಣಿವೆಯತ್ತ ಎಲ್ಲರ ಕಣ್ಣು. ಅಲ್ಲಿ ಕುರಿ ಮೇಯಿಸುವ ಚಾಂಗ್ಪಾ ಜನರಿಗೆ ನೋಟೀಸು ಯಾವ ಭಾಷೆಯಲ್ಲಿ ಹೋಗುತ್ತದೆ? ಇಂಗ್ಲಿಷ್ ಫಾರಂ ಮುಂದೆ ತಬ್ಬಿಬ್ಬಾದ ಅಪ್ಪ-ಅಮ್ಮನನ್ನು ಕಂಡ ನಿಮಗೆ ಈ ನೋವು ಗೊತ್ತು. ಅರ್ಥವಾಗದ ಭಾಷೆಯ ನೋಟೀಸು ನೋಟೀಸೇ ಅಲ್ಲ.

ಮೊದಲು ಪ್ರೂಫ್, ಆಮೇಲೆ ಮೆಷಿನ್. ಯೋಚಿಸಿ!