ಬರೆದು ಬದುಕಬಹುದೇ?

ಕರ್ನಾಟಕ ಸರಕಾರವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕ್ಷೇಮಕ್ಕಾಗಿ ಒಂದು ಕಾಯಿದೆಯನ್ನು ಮಾಡಿತು. ಬಾಡಿಗೆಯ ಕಾರು ಓಡಿಸುವವರು, ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವವರು ಅದರ ಮುಖ್ಯ ಫಲಾನುಭವಿಗಳೆಂಬುದು ಎಲ್ಲರೂ ಬಲ್ಲ ಸಂಗತಿ. ಅವರಿಗೆ ಸಲ್ಲುವ ಪ್ರತಿಯೊಂದು ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗೆ ಕ್ಷೇಮಶುಲ್ಕವನ್ನು ಕಂಪನಿಯು ತೆರಬೇಕು; ಆ ಹಣ ಒಂದು ಮಂಡಳಿಯ ಮೂಲಕ ದುಡಿಯುವವರ ಹಿತಕ್ಕೆ ವಿನಿಯೋಗವಾಗಬೇಕು. ಈ ಕಾಯಿದೆಯ ಅನುಸೂಚಿಯನ್ನು ಓದುತ್ತ ಹೋದವರಿಗೆ ಸಾರಿಗೆ, ಊಟ, ಸಾಗಾಣಿಕೆಗಳ ಸಾಲಿನಲ್ಲಿಯೇ ಬರಹ ಮತ್ತು ಮಾಧ್ಯಮಗಳಿಗೆ ಸಂಬಂಧಿಸಿದ ಸೇವೆಗಳೂ ಕಾಣಸಿಗುತ್ತವೆ. ಬರೆಯುವವನನ್ನು ದುಡಿಯುವವನೆಂದು ಕಾನೂನು ಗುರುತಿಸಿತಲ್ಲ ಎಂದು ಒಂದು ಕ್ಷಣ ಸಂತೋಷವಾಗುತ್ತದೆ.

ಆದರೆ ಆ ಸಂತೋಷ ಬಹಳ ಹೊತ್ತು ನಿಲ್ಲುವಂಥದಲ್ಲ. ಈ ಕಾಯಿದೆಯ ರಕ್ಷಣೆ ದೊರೆಯುವುದು ಯಾವುದಾದರೊಂದು ಆನ್‌ಲೈನ್ ವೇದಿಕೆಯ ಮೂಲಕ ಕೆಲಸ ಪಡೆದವರಿಗೆ. ಪತ್ರಿಕೆಗೆ ನೇರವಾಗಿ ಲೇಖನ ಕಳಿಸುವವನಿಗೂ ಪ್ರಕಾಶಕನಿಗೆ ಹಸ್ತಪ್ರತಿ ಒಪ್ಪಿಸುವವನಿಗೂ ನಡುವೆ ಅಂಥ ವೇದಿಕೆಯಿಲ್ಲ. ಆದ್ದರಿಂದ ಕಾಯಿದೆಯೂ ಇಲ್ಲ. ಇತ್ತ, ಪತ್ರಿಕಾಲಯದ ನೌಕರರಿಗೆಂದು 1955ರಲ್ಲಿ ಆದ ಕಾಯಿದೆಯು 2025ರ ನವೆಂಬರ್ ತಿಂಗಳಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಲೀನವಾಯಿತು. ಅದು ಮುಖ್ಯವಾಗಿ ಪತ್ರಿಕೆಯ ನೌಕರಿಯಲ್ಲಿದ್ದವರ ಮಾತು. ನೌಕರಿಯಲ್ಲಿಯೂ ಇಲ್ಲದ, ವೇದಿಕೆಯಲ್ಲಿಯೂ ಇಲ್ಲದ ಸ್ವತಂತ್ರ ಲೇಖಕನು ಎರಡು ಬೇಲಿಗಳ ನಡುವಿನ ಬದುವಿನಲ್ಲಿ ನಿಂತಿದ್ದಾನೆ.

ಧಾರವಾಡದಲ್ಲಿ ಸಾಹಿತ್ಯದ ವಿದ್ಯಾರ್ಥಿಗಳ ನಡುವೆ ಮಾತಿಗೆ ಕುಳಿತಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯೊಂದಿದೆ: ಕನ್ನಡದಲ್ಲಿ ಬರೆದೇ ಬದುಕಬಹುದೇ? ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಹೆಚ್ಚಾಗಿ ಆತಂಕವಿರುತ್ತದೆ. ಮನೆಯಲ್ಲಿ ನೌಕರಿಯ ಒತ್ತಾಯ. ಮನಸ್ಸಿನಲ್ಲಿ ಬರವಣಿಗೆಯ ಹಂಬಲ. ಇಂಥವರಿಗೆ ಬರೀ ಉತ್ತೇಜನದ ಮಾತು ಹೇಳಿ ಕಳಿಸುವುದು ಅನ್ಯಾಯ. ಆಗದೆಂದು ಕೈಚೆಲ್ಲುವುದೂ ಅನ್ಯಾಯವೇ. ನಮ್ಮ ಊರಿನ ಸಾಹಿತ್ಯದ ಇತಿಹಾಸವೇ ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿತು. 1896ರಲ್ಲಿ ಅದರ ‘ವಾಗ್ಭೂಷಣ’ ಹೊರಟಿತು. ಆಲೂರ ವೆಂಕಟರಾಯರ ‘ಜಯಕರ್ನಾಟಕ’, ಬೆಟಗೇರಿ ಕೃಷ್ಣಶರ್ಮರ ‘ಜಯಂತಿ’ ಮುಂದೆ ಬಂದವು. ಈ ಪತ್ರಿಕೆಗಳು ಲೇಖಕರಿಗೆ ಸ್ಥಾನ ಕೊಟ್ಟವು, ಮಾನ ಕೊಟ್ಟವು. ಆದರೆ ಅನ್ನ ಕೊಡುವ ಶಕ್ತಿ ಅವಕ್ಕಿರಲಿಲ್ಲ. ಧಾರವಾಡದ ಹಿರಿಯ ಲೇಖಕರ ಹೆಸರುಗಳನ್ನು ಒಂದೊಂದಾಗಿ ನೆನೆದರೆ ಇದು ಸ್ಪಷ್ಟವಾಗುತ್ತದೆ. ಶಂಬಾ ಜೋಶಿಯವರು ಶಾಲೆಯ ಶಿಕ್ಷಕರು. ಗೋಕಾಕರೂ ಮುಗಳಿಯವರೂ ಕಾಲೇಜಿನ ಪ್ರಾಧ್ಯಾಪಕರು. ಚೆನ್ನವೀರ ಕಣವಿಯವರು ವಿಶ್ವವಿದ್ಯಾಲಯದ ಪ್ರಸಾರಾಂಗದ ಹೊಣೆ ಹೊತ್ತವರು. ಸಂಬಳ ಮನೆಯನ್ನು ಸಾಕಿತು. ಉಳಿದ ವೇಳೆ ಸಾಹಿತ್ಯವನ್ನು ಸಾಕಿತು. ಆ ಸಂಬಳ ತಪ್ಪಿದಾಗ ಏನಾಗುತ್ತಿತ್ತೆಂಬುದಕ್ಕೆ ಬೇಂದ್ರೆಯವರ ಬದುಕೇ ಸಾಕ್ಷಿ. ‘ನರಬಲಿ’ ಕವಿತೆಯ ಕಾರಣದಿಂದ ಸೆರೆಮನೆ ಕಂಡ ಅವರು ಅನಂತರ ಕೆಲವು ವರುಷ ನೆಲೆಯಾದ ಉದ್ಯೋಗವಿಲ್ಲದೆ ಕಷ್ಟಪಟ್ಟರು. ಕನ್ನಡನಾಡೆಲ್ಲ ಅವರ ಹಾಡುಗಳನ್ನು ಹಾಡುತ್ತಿದ್ದ ಕಾಲದಲ್ಲಿ, 1944ರಲ್ಲಿ, ಸೊಲ್ಲಾಪುರದ ಕಾಲೇಜೊಂದು ಅವರಿಗೆ ಸ್ಥಿರವಾದ ಕೆಲಸ ಕೊಟ್ಟಿತು. ಕವಿತೆಗೆ ಕೀರ್ತಿ ತರುವ ಶಕ್ತಿಯಿತ್ತು. ತಿಂಗಳ ಕಿರಾಣಿ ಲೆಕ್ಕ ತೀರಿಸುವ ಶಕ್ತಿ ಇರಲಿಲ್ಲ.

ಹಾಗಾದರೆ ಲೇಖನಿಯನ್ನೇ ನಂಬಿ ಬದುಕಿದವರು ಯಾರೂ ಇಲ್ಲವೇ? ಇದ್ದಾರೆ, ಮತ್ತು ಅವರಿಂದ ಕಲಿಯುವುದು ಬಹಳವಿದೆ. ಹಾವೇರಿಯ ಸೀಮೆಯ ಗಳಗನಾಥರು (1869-1942) ಮೊದಲು ಶಿಕ್ಷಕರಾಗಿದ್ದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ಕಾದಂಬರಿಗಳನ್ನು ಬರೆದರು, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈ ಸಂಗತಿಯನ್ನು ನಾವು ಕನ್ನಡಾಭಿಮಾನದ ಕಥೆಯಾಗಿ ಸಭೆಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ಅದು ಅಭಿಮಾನವೂ ಹೌದು, ವ್ಯವಹಾರವೂ ಹೌದು. ಓದುಗ ಯಾವ ಊರಿನಲ್ಲಿದ್ದಾನೆ, ಅವನಿಗೆ ಎಂಥ ಕಥೆ ಬೇಕು, ಎಷ್ಟು ಬೆಲೆ ಕೊಡಬಲ್ಲ ಎಂಬುದನ್ನು ಗಳಗನಾಥರು ಕಟ್ಟೆಯ ಮೇಲೆ ಕೂತು ಕಣ್ಣಾರೆ ಅರಿತವರು.

ಇದೇ ಅರಿವನ್ನು ಜಿ.ಬಿ. ಜೋಶಿಯವರು ಒಂದು ಸಂಸ್ಥೆಯ ರೂಪಕ್ಕೆ ತಂದರು. 1933ರಲ್ಲಿ ಆರಂಭವಾದ ಧಾರವಾಡದ ಮನೋಹರ ಗ್ರಂಥಮಾಲೆಯ ಅಡಿಪಾಯ ಚಂದಾದಾರ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ವರ್ಗಣಿದಾರ. ವರ್ಷದ ವರ್ಗಣಿಯನ್ನು ಮೊದಲೇ ಕೊಟ್ಟವನಿಗೆ ಯಾವ ಪುಸ್ತಕ ಬರುವುದೆಂಬುದೂ ಪೂರ್ತಿ ತಿಳಿದಿರುತ್ತಿರಲಿಲ್ಲ. ಹಾಗೆ ಅಟ್ಟದಿಂದ ಹೊರಟ ಪುಸ್ತಕಗಳಲ್ಲಿ 1961ರ ‘ಯಯಾತಿ’ ಇತ್ತು, 1965ರ ‘ಸಂಸ್ಕಾರ’ವಿತ್ತು. ಹೊಸ ಲೇಖಕರ ಮೇಲೆ ಧೈರ್ಯವಾಗಿ ಹಣ ಹೂಡುವುದು ಜೋಶಿಯವರಿಗೆ ಸಾಧ್ಯವಾದದ್ದು ಆ ಅಜ್ಞಾತ ವರ್ಗಣಿದಾರರ ವಿಶ್ವಾಸದಿಂದ. ಬೆಂಗಳೂರಿನಲ್ಲಿ ಅ.ನ.ಕೃ., ಪುತ್ತೂರಿನಲ್ಲಿ ಶಿವರಾಮ ಕಾರಂತರು ಬೇರೆ ಬೇರೆ ದಾರಿಗಳಲ್ಲಿ ಇದನ್ನೇ ಸಾಧಿಸಿದರು. ಅ.ನ.ಕೃ. ನೂರಕ್ಕೆ ಮೇಲ್ಪಟ್ಟ ಕಾದಂಬರಿಗಳಿಂದ ತಮ್ಮದೇ ಓದುಗವರ್ಗವನ್ನು ಕಟ್ಟಿಕೊಂಡರು. ಕಾರಂತರು ಕಾದಂಬರಿಯ ಜೊತೆಗೆ ಮಕ್ಕಳ ‘ಬಾಲಪ್ರಪಂಚ’, ವಿಜ್ಞಾನದ ಸಂಪುಟಗಳು, ಕೋಶಗಳು ಎಂದು ಹಲವು ಬೆಳೆ ತೆಗೆದರು. ಇವರಲ್ಲಿ ಯಾರೂ ಬಿಡಿ ಲೇಖನದ ಸಂಭಾವನೆಯೊಂದನ್ನೇ ನಂಬಿದವರಲ್ಲ.

ಯಾಕೆ ನಂಬಲಾಗದು ಎಂಬುದು ಲೆಕ್ಕದಿಂದ ತಿಳಿಯುತ್ತದೆ. ಲೇಖನವೊಂದಕ್ಕೆ 1,500 ರೂಪಾಯಿ ದೊರೆಯುತ್ತದೆಂದು ಭಾವಿಸೋಣ. ತಿಂಗಳಿಗೆ ನಾಲ್ಕು ಲೇಖನ ಪ್ರಕಟವಾದರೆ 6,000 ರೂಪಾಯಿ. ಹುಬ್ಬಳ್ಳಿಯಲ್ಲಿ ಎರಡು ಕೋಣೆಯ ಮನೆಯ ಬಾಡಿಗೆ ಕೊಟ್ಟರೆ ಅದರಲ್ಲಿ ಉಳಿಯುವುದೇನು? ಪುಸ್ತಕದ ಮಾತಿಗೆ ಬರೋಣ. 250 ರೂಪಾಯಿ ಬೆಲೆಯ ಪುಸ್ತಕದ 1,000 ಪ್ರತಿಗಳೂ ಮಾರಾಟವಾಗಿ, ಶೇಕಡ 10ರಂತೆ ಗೌರವಧನ ಸಂದರೆ 25,000 ರೂಪಾಯಿ. ಬರೆಯಲು ಒಂದು ವರ್ಷ, ಮಾರಾಟಕ್ಕೆ ಎರಡು ವರ್ಷ ಎಂದು ಹಿಡಿದರೆ ತಿಂಗಳಿಗೆ ಏಳುನೂರು ರೂಪಾಯಿಯೂ ಆಗದು. ಇದು ಎಲ್ಲವೂ ಸುಗಮವಾಗಿ ನಡೆದಾಗಿನ ಲೆಕ್ಕ. ಆದ್ದರಿಂದ ಹೆಚ್ಚು ಬರೆದರೆ ಹೆಚ್ಚು ಗಳಿಕೆ ಎಂಬ ದಾರಿಯಲ್ಲಿ ಹೊರಟವನು ದಣಿಯುತ್ತಾನೆ. ದಣಿದವನ ಬರವಣಿಗೆ ತೆಳುವಾಗುತ್ತದೆ. ತೆಳುವಾದ ಬರವಣಿಗೆಯನ್ನು ಓದುಗ ಬಿಡುತ್ತಾನೆ.

ಇಲ್ಲಿ ನಾನು ಒತ್ತಿ ಹೇಳಬಯಸುವ ಒಂದು ಮಾತಿದೆ. ನಮ್ಮ ರೈತನಿಗೆ ಹೊಲ ಮಾರುವುದಕ್ಕೂ ಲಾವಣಿಗೆ ಹಾಕುವುದಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು. ಮಾರಿದರೆ ಒಮ್ಮೆ ದುಡ್ಡು ಬರುತ್ತದೆ, ಹೊಲ ಹೋಗುತ್ತದೆ. ಲಾವಣಿಗೆ ಹಾಕಿದರೆ ಅವಧಿ ಮುಗಿದ ಮೇಲೆ ಹೊಲ ತಿರುಗಿ ಬರುತ್ತದೆ. ಲೇಖಕನ ಆಸ್ತಿಯೂ ಇಂಥದೇ. ಆದರೆ ಲೇಖಕರಲ್ಲಿ ಬಹುಮಂದಿ ಅದನ್ನು ದಿನಗೂಲಿಯೆಂದು ತಿಳಿದು, ಕೂಲಿ ಎಷ್ಟೆಂದು ಮಾತ್ರ ಕೇಳುತ್ತಾರೆ. ಹೊಲ ಯಾರದೆಂದು ಕೇಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಲೇಖಕನ ಕಡೆಗಿದೆ. 1957ರ ಗ್ರಂಥಸ್ವಾಮ್ಯ ಕಾಯಿದೆಯ ಪ್ರಕಾರ, ನೌಕರಿಯ ಕರಾರಿಲ್ಲದೆ ಬರೆದ ಲೇಖನದ ಮೊದಲ ಒಡೆಯ ಅದನ್ನು ಬರೆದವನು. ಸಹಿಯುಳ್ಳ ಬರಹದ ಪತ್ರವಿಲ್ಲದೆ ಆ ಹಕ್ಕು ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆಂದೂ ತಿಳಿಯಬೇಕು. ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಉಪಯೋಗಿಸದಿದ್ದರೆ, ಬೇರೆ ಕರಾರಿಲ್ಲದಾಗ, ಹಕ್ಕು ತಿರುಗಿ ಲೇಖಕನಿಗೆ ಬರುತ್ತದೆ. ಪತ್ರಿಕೆಯ ನೌಕರನ ವಿಷಯದಲ್ಲಿಯೂ, ಬೇರೆ ಒಪ್ಪಂದವಿಲ್ಲದಿದ್ದರೆ, ಒಡೆಯನಿಗೆ ಸಲ್ಲುವುದು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ. ಲೇಖಕನ ಮರಣಾನಂತರ ಅರವತ್ತು ವರ್ಷ ಈ ಸ್ವಾಮ್ಯ ಬಾಳುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳ ಸ್ವಾಮ್ಯ 2041ರ ಕೊನೆಯವರೆಗೂ ಇದೆ. ಇಷ್ಟು ದೀರ್ಘಕಾಲ ಫಲ ಕೊಡುವ ಮರವನ್ನು ಒಂದು ದಿನದ ಸಂಭಾವನೆಗೆ ಬೇರುಸಹಿತ ಬಿಟ್ಟುಕೊಡುವುದು ಜಾಣತನವಲ್ಲ.

ಒಂದೇ ದುಡಿಮೆ ಎರಡು ಮೂರು ಸಲ ಫಲ ಕೊಡಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯಲ್ಲಿ ಪಾ.ವೆಂ. ಆಚಾರ್ಯರು ಶಬ್ದಗಳ ಹುಟ್ಟು-ಬೆಳವಣಿಗೆಗಳನ್ನು ಕುರಿತು ‘ಪದಾರ್ಥ ಚಿಂತಾಮಣಿ’ ಎಂಬ ಅಂಕಣ ಬರೆದರು. ಮುಂದೆ ಅದು ಪುಸ್ತಕವಾಯಿತು, ಇಂದಿಗೂ ಓದುಗರ ಕಪಾಟಿನಲ್ಲಿದೆ. ಅಂಕಣ ಪುಸ್ತಕವಾಗಬಹುದು, ಪುಸ್ತಕದ ಅಧ್ಯಾಯ ಪಠ್ಯವಾಗಬಹುದು, ಕಥೆ ನಾಟಕವಾಗಬಹುದು, ಧ್ವನಿಪುಸ್ತಕವಾಗಬಹುದು, ಅನ್ಯಭಾಷೆಗೆ ಹೋಗಬಹುದು. ಪ್ರತಿಯೊಂದೂ ಬೇರೆ ಲಾವಣಿ. ಹಕ್ಕು ಕೈಯಲ್ಲಿದ್ದವನಿಗೆ ಮಾತ್ರ ಈ ಫಲ.

ಬರಹದ ಕರಾರೆಂದರೆ ಅದೇನೋ ದೊಡ್ಡವರ ವ್ಯವಹಾರವೆಂದು ಹಿಂಜರಿಯುವವರಿದ್ದಾರೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಭಾಷಣ ಮಾಡಿದವರನ್ನು ಕೇಳಿರಿ. ಹದಿನೈದು ನಿಮಿಷದ ಭಾಷಣಕ್ಕೂ ದಿನಾಂಕ, ಅವಧಿ, ಸಂಭಾವನೆಗಳನ್ನು ಕಾಣಿಸಿದ ಕರಾರುಪತ್ರ ಕೈಗೆ ಬರುತ್ತದೆ. ಅಲ್ಲಿ ಯಾರ ಮರ್ಯಾದೆಯೂ ಕಡಿಮೆಯಾಗಿಲ್ಲ. ಪತ್ರಿಕೆಗಳೂ ಪ್ರಕಾಶಕರೂ ನಾಲ್ಕು ಸಾಲಿನ ಪತ್ರದಲ್ಲಿ ಇದನ್ನು ಮಾಡಬಹುದು: ಸಂಭಾವನೆ ಎಷ್ಟು, ಪ್ರಕಟಣೆಯಾದ ಎಷ್ಟು ದಿನದೊಳಗೆ, ಯಾವ ಉಪಯೋಗಕ್ಕೆ, ಎಷ್ಟು ಕಾಲಕ್ಕೆ. ಸ್ನೇಹದ ಸಲುವಾಗಿ, ಸಂಕೋಚದ ಸಲುವಾಗಿ ಕೇಳದೆ ಬಿಟ್ಟ ಈ ನಾಲ್ಕು ಮಾತುಗಳೇ ಮುಂದೆ ಮನಸ್ತಾಪಕ್ಕೆ ಕಾರಣವಾಗುವುದನ್ನು ನಾವು ನೋಡುತ್ತಲೇ ಇದ್ದೇವೆ.

ಸಮಾಜದ ಹೊಣೆಯೂ ಇದೆ. ನಮ್ಮಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿದೆ. ಆಸ್ತಿತೆರಿಗೆಯ ಜೊತೆಗೆ ನಾವೆಲ್ಲ ಗ್ರಂಥಾಲಯ ಕರ ಕೊಡುತ್ತೇವೆ. ಪುಸ್ತಕದ ಸಗಟು ಖರೀದಿಯಾದರೆ ಹಣ ಪ್ರಕಾಶಕನ ಮೂಲಕ ಲೇಖಕನಿಗೆ ಬರಬೇಕು. ಆ ಬಳಿಕ ಒಂದೇ ಪ್ರತಿಯನ್ನು ನೂರು ಜನ ಎರವಲು ಓದಿದರೂ ಲೇಖಕನಿಗೆ ಏನೂ ಇಲ್ಲ. ಡೆನ್ಮಾರ್ಕ್ ದೇಶವು 1946ರಷ್ಟು ಹಿಂದೆಯೇ ಗ್ರಂಥಾಲಯದ ಉಪಯೋಗಕ್ಕಾಗಿ ಲೇಖಕನಿಗೆ ಸರಕಾರದಿಂದ ಹಣ ಸಲ್ಲಿಸುವ ಪದ್ಧತಿ ತಂದಿತು. ಬ್ರಿಟನ್ 1979ರಲ್ಲಿ ಅದಕ್ಕೆ ಕಾನೂನು ಮಾಡಿತು. ಊಟ ಮುಟ್ಟಿಸುವವನ ಪ್ರತಿಯೊಂದು ಪಾವತಿಯ ಲೆಕ್ಕವಿಡಬಲ್ಲ ಸರಕಾರಕ್ಕೆ ಗ್ರಂಥಾಲಯದ ಎರವಲಿನ ಲೆಕ್ಕವಿಡುವುದು ಅಸಾಧ್ಯವೇನಲ್ಲ. ಕರ್ನಾಟಕದಲ್ಲಿ ಇದರ ಚರ್ಚೆಯಾದರೂ ಆರಂಭವಾಗಬೇಕು.

ಈಗ ಹೊಸದೊಂದು ಸಂಕಟ ಸೇರಿದೆ. ಜಾಹೀರಾತಿನ ವಾಕ್ಯ, ಕೈಪಿಡಿಯ ಭಾಷಾಂತರ, ಹೆಸರಿಲ್ಲದ ಸಾರಾಂಶ ಇಂಥ ಚಿಲ್ಲರೆ ಕೆಲಸಗಳು ಸ್ವತಂತ್ರ ಲೇಖಕನ ಮನೆಯ ದೀಪಕ್ಕೆ ಎಣ್ಣೆಯಾಗಿದ್ದವು. ಅವನ್ನು ಇಂದು ಯಂತ್ರವು ಕ್ಷಣಾರ್ಧದಲ್ಲಿ ಮಾಡಿಕೊಡುತ್ತದೆ. ಯಂತ್ರದ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಯಾರು ಬರೆದರೂ ಆದೀತು ಎಂಬಂಥ ಬರಹಕ್ಕೆ ಬೆಲೆ ಇಳಿಯುತ್ತದೆ. ಇಂಥವರೇ ಬರೆಯಬೇಕು ಎಂದು ಓದುಗ ಕಾಯುವ ಬರಹಕ್ಕೆ ಬೆಲೆ ಉಳಿಯುತ್ತದೆ. ಬೆಣ್ಣಿಹಳ್ಳದ ನೆರೆಯನ್ನು ಕುರಿತೋ ನವಲಗುಂದದ ಜಮಖಾನೆ ನೇಯುವವರನ್ನು ಕುರಿತೋ ಹತ್ತು ವರ್ಷ ಓಡಾಡಿ ತಿಳಿದು ಬರೆಯುವವನಿಗೆ ಪ್ರತಿಸ್ಪರ್ಧಿಗಳು ಕಡಿಮೆ. ಒಂದು ವಿಷಯವನ್ನು ಆಳವಾಗಿ ಬಲ್ಲವನೆಂಬ ಹೆಸರೇ ಲೇಖಕನ ಬಂಡವಾಳ.

ಆದುದರಿಂದ ನನ್ನನ್ನು ಕೇಳುವ ತರುಣರಿಗೆ ನಾನು ಹೇಳುವುದು ಇಷ್ಟು. ಬರೆದು ಬದುಕಬಹುದು, ಆದರೆ ಬೇಗನೆ ಅಲ್ಲ. ಮೊದಲ ಐದಾರು ವರ್ಷ ಪಾಠ ಹೇಳಿಯೋ ಕರಡು ತಿದ್ದಿಯೋ ಮನೆ ನಡೆಸಬೇಕಾದೀತು. ಅದರಲ್ಲಿ ನಾಚಿಕೆಯಿಲ್ಲ, ಹಿರಿಯರೆಲ್ಲ ಹಾಗೆಯೇ ನಡೆದವರು. ಆ ವರ್ಷಗಳಲ್ಲಿ ಒಂದು ವಿಷಯವನ್ನು ನಿಮ್ಮದಾಗಿ ಮಾಡಿಕೊಳ್ಳಿರಿ. ಬರೆದುದರ ಪ್ರತಿ, ಪ್ರಕಟವಾದ ದಿನಾಂಕ, ಬಂದ ಮತ್ತು ಬಾರದ ಹಣ ಇವುಗಳ ಲೆಕ್ಕದ ವಹಿ ಇಡಿರಿ. ಹಕ್ಕನ್ನು ಮಾರದೆ ಲಾವಣಿಗೆ ಕೊಡಿರಿ. ನಿಮ್ಮ ಬರಹಕ್ಕೆ ಮೊದಲೇ ವರ್ಗಣಿ ಕೊಡಲು ಸಿದ್ಧರಾದ ಓದುಗರನ್ನು, ನೂರು ಜನರಾದರೂ ಸರಿಯೇ, ಹೆಸರು ಹಿಡಿದು ಬಲ್ಲವರಾಗಿರಿ. ಗಳಗನಾಥರು ಗಂಟು ಹೊತ್ತು ನಡೆದ ದಾರಿಯನ್ನು ಇಂದು ಕೈಯಲ್ಲಿನ ಫೋನು ಹತ್ತಿರ ಮಾಡಿದೆ. ಆದರೆ ಆ ದಾರಿಯ ಕೊನೆಗೆ ಇರುವವನು ಅದೇ ಓದುಗ; ಅವನ ವಿಶ್ವಾಸವನ್ನು ಗಳಿಸಲು ಆಗ ಎಷ್ಟು ಕಾಲ ಬೇಕಾಗಿತ್ತೋ ಈಗಲೂ ಅಷ್ಟೇ ಬೇಕು.